ಕೆಂಪು ಕಾರಿನ ಕ್ಲಚ್

ಜನವರಿ 20, ಸೋಮವಾರ. ಬೆಳಿಗ್ಗೆ 8.40

ಪಿಕಪ್‌ನ ಹಳೇ ಆಯಿಲ್ ಇಳಿಯಲು ಬಿಟ್ಟು ಕೂತಿದ್ದೇನೆ. ಇನ್ನೂ ಹತ್ತು ನಿಮಿಷ ಬೇಕು. ಜೊತೆಯ ಮೆಕ್ಯಾನಿಕ್ ವಿನೋದ್ ಬಂದು ಈ ಪುಸ್ತಕ ಇಣುಕಿ ನೋಡಿ ಹೋದ. ಇಣುಕಲಿ. ಕೇರಳದ ಬತ್ತೇರಿಯ ಈ ಗರಾಜಿನಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಏಳನೇ ಕ್ಲಾಸಿನವರೆಗೆ ಗುಂಡ್ಲುಪೇಟೆಯ ಅತ್ತೆ ಮನೆಯಲ್ಲಿದ್ದು ಓದಿದ್ದು ಇದಕ್ಕಾದರೂ ಬಂತು.

ತೇಜಸ್ ಅವರ ಕೆಂಪು ಕಾರು ಬಂದಿದೆ. ಓಡಿಕೊಂಡಲ್ಲ, ಲಾರಿಯ ಬೆನ್ನೇರಿ. ಕಲ್ಲೂರಿನ ಏರಿನಲ್ಲಿ ನಿಂತುಬಿಟ್ಟಿತಂತೆ. ಇಂಜಿನ್ ಕಿರುಚುತ್ತದೆ, ಕಾರು ಕದಲುವುದಿಲ್ಲ. ಬಾನೆಟ್ ಎತ್ತುವ ಮೊದಲೇ ವಾಸನೆ ಮೂಗಿಗೆ ಹೊಡೆಯಿತು. ಕ್ಲಚ್ ಸುಟ್ಟಿದೆ. ಬರೀ ಹದಿನೇಳು ಸಾವಿರ ಕಿಲೋಮೀಟರಿಗೆ! ಈ ಪಿಕಪ್ ಲಕ್ಷ ದಾಟಿದೆ, ಕ್ಲಚ್ ಇನ್ನೂ ಹಳೆಯದೇ.

ಅದೇ ದಿನ, ಮಧ್ಯಾಹ್ನ 1.15

ಊಟ ಸೇರಲಿಲ್ಲ. ಸಿಟ್ಟಿಗೆ.

ತೇಜಸ್ ಮೈಸೂರಿನವರು, ಕಲ್ಲೂರಿನಲ್ಲಿ ಹೋಮ್‌ಸ್ಟೇ ನಡೆಸುತ್ತಾರೆ. ಅಕ್ಟೋಬರಿನಲ್ಲಿ ಶಟಲ್ ಆಡಲು ಹೋಗಿ ಎಡಗಾಲಿನ ಮೂಳೆ ಮುರಿದುಕೊಂಡರು. ಕ್ಲಚ್ ತುಳಿಯಲು ಒಂದು ಕಾಲು ಬೇಕಾಯಿತು, ನಮ್ಮ ಯಜಮಾನರಾದ ಬಾಲಕೃಷ್ಣನ್ ಚೇಟ್ಟನ್ — ಚೇಟ್ಟನ್ ಅಂದರೆ ಅಣ್ಣ — ನನ್ನನ್ನು ಕಳಿಸಿದರು. ನವೆಂಬರಿನಿಂದ ಎರಡೂವರೆ ತಿಂಗಳು, ವಾರಕ್ಕೆ ಎರಡು-ಮೂರು ಸಲ, ಮುತ್ತಂಗ ಕಾಡು ದಾಟಿ ಮೈಸೂರಿಗೆ, ಮತ್ತೆ ವಾಪಸ್. ಆರು ಸಾವಿರ ಕಿಲೋಮೀಟರ್. ಒಂದು ಗೀರು ಬಿದ್ದಿಲ್ಲ. ಕಾಲು ಕೂಡಿತೆಂದು ಕಳೆದ ವಾರದಿಂದ ಅವರೇ ಓಡಿಸುತ್ತಿದ್ದರು.

ಇವತ್ತು ಎಲ್ಲರ ಎದುರು ಏನಂದರು ಗೊತ್ತೆ?

"ಹನ್ನೊಂದು ಸಾವಿರ ನಾನು ಓಡಿಸ್ದೆ, ಏನೂ ಆಗ್ಲಿಲ್ಲ. ಇವರ ಕೈಗೆ ಕೊಟ್ಟೆ, ಮುಗೀತು. ಇದು ಪರ್ಫಾರ್ಮೆನ್ಸ್ ಕಾರು ಬಾಲಕೃಷ್ಣನ್. ಕಾಡಲ್ಲಿ ಜೀಪ್ ಓಡಿಸಿ ಕಲಿತವರಿಗೆ ಇದೆಲ್ಲ ಹೇಗೆ ಗೊತ್ತಾಗುತ್ತೆ? ನನಗೆ ಖರ್ಚಿನ ಮಾತು ಬೇಡ. ಇನ್ನು ಮೇಲೆ ಇವರು ನನ್ನ ಸ್ಟಿಯರಿಂಗ್ ಮುಟ್ಟಬಾರದು, ಅಷ್ಟೇ."

ಕಾಡಲ್ಲಿ ಕಲಿತವರು! ಸುಮ್ಮನಿರಲಿಲ್ಲ ನಾನು. "ಸಿಗ್ನಲ್‌ನಲ್ಲಿ ಐದು ಸಾವಿರ ಆರ್‌ಪಿಎಂಗೆ ಏರಿಸಿ ಒಂದೇ ಸಲ ಕ್ಲಚ್ ಬಿಟ್ಟು ಟಯರ್ ಕೂಗಿಸಿದ್ದು ಯಾರು ಸಾರ್? ವಿಡಿಯೋ ಮಾಡಿ ಹಾಕಿದ್ದು ಯಾರು?" ಎಂದೆ. ವಿನೋದ್ ಕೆಮ್ಮಿದ. ಚೇಟ್ಟನ್ ನನ್ನನ್ನು ಒಳಗೆ ಹೋಗೆಂದರು.

ಹೋದೆ. ಆದರೆ ಬಾಗಿಲು ಜೋರಾಗಿಯೇ ಹಾಕಿದೆ.

ಜನವರಿ 21

ಹೆದರಿಕೆ ಯಾವುದಕ್ಕೆ ಎಂದು ಬರೆದುಬಿಡುತ್ತೇನೆ. ರಿಪೇರಿಯಾದ ಪ್ರತಿ ಗಾಡಿಯನ್ನೂ ಚೇಟ್ಟನ್ ತಾವೇ ಓಡಿಸಿ ನೋಡಿ ಕೊಡುತ್ತಾರೆ. ಟ್ರಯಲ್. ಮೂವತ್ತು ವರ್ಷದಿಂದ ಬೇರೆಯವರಿಗೆ ಬಿಟ್ಟುಕೊಟ್ಟಿಲ್ಲ. ಈಗ ಕಣ್ಣು ಮಂಜು. ದೀಪಾವಳಿ ಹೊತ್ತಿಗೆ ಕರೆದು ಹೇಳಿದ್ದರು — "ಮಾರ್ಚ್ ಒಂದರಿಂದ ಟ್ರಯಲ್ ನಿನ್ನದು ಮೋಳೇ. ಕೀ ಬೋರ್ಡ್ ಕೂಡ ನಿನ್ನದು." ಮೋಳೇ ಅಂದರೆ ಮಗಳೇ. ಹರೆಯದಲ್ಲಿ ಹತ್ತು ವರ್ಷ ಮೈಸೂರಿನಲ್ಲಿ ದುಡಿದವರು, ನನ್ನ ಹತ್ತಿರ ಕನ್ನಡದಲ್ಲೇ ಮಾತು. ಅವರ ಕುರ್ಚಿಯ ಹಿಂದೆ ಮೊಳೆ ಹೊಡೆದ ಆ ಹಲಗೆ, ಅದರ ತುಂಬ ಕೀಗಳು. ಹನ್ನೊಂದು ವರ್ಷ ಅದನ್ನು ನೋಡುತ್ತ ಗ್ರೀಸ್ ತೊಳೆದಿದ್ದೇನೆ.

ಕ್ಲಚ್ ಸುಟ್ಟವಳ ಕೈಗೆ ಯಾರು ಕೀ ಕೊಡುತ್ತಾರೆ? ವಿನೋದ್‌ಗೆ ಹೋಗುತ್ತದೆ. ಹೋಗಲು ಬಿಡುವುದಿಲ್ಲ.

ಜನವರಿ 23

ಗೇರ್‌ಬಾಕ್ಸ್ ಇಳಿಸಿದೆವು. ಕ್ಲಚ್ ಪ್ಲೇಟು ಅಂಟಿ ತಿರುಗುವ ಫ್ಲೈವೀಲ್ ಚಕ್ರದ ಮೇಲೆ ರೂಪಾಯಿಯಗಲದ ನೀಲಿ ಕಲೆಗಳು. ಒಂದಲ್ಲ, ಸುತ್ತಲೂ. ಹೀಗೆ ನೀಲಿಗಟ್ಟಬೇಕಾದರೆ ಅಂಥ ಬಿಸಿ ಬೇಕು, ಸಿಗ್ನಲ್ ಶೋಕಿಯ ಬಿಸಿ. "ನೋಡಿ ಚೇಟ್ಟಾ!" ಎಂದು ಕೂಗಿದೆ. ಕುಣಿಯುವುದೊಂದು ಬಾಕಿ.

ಚೇಟ್ಟನ್ ಹ್ಞೂಂ ಎಂದರು. ಆಮೇಲೆ ಕ್ಲಚ್ ಬೇರಿಂಗ್ ಕೈಗೆತ್ತಿಕೊಂಡು ಕಿವಿಯ ಹತ್ತಿರ ತಿರುಗಿಸಿದರು. ಗರಗರ. ಒಣಗಿ ಹೋಗಿದೆ.

"ಪೆಡಲ್ ತುಳಿದಾಗ ಮಾತ್ರ ಇದಕ್ಕೆ ಕೆಲಸ. ಇಷ್ಟು ಸವೆದಿದೆ ಅಂದ್ರೆ ಯಾರೋ ಸದಾ ಪೆಡಲ್ ಮೇಲೆ ಕಾಲಿಟ್ಟೇ ಓಡಿಸಿದ್ದಾರೆ. ಕಾಲಿನ ಭಾರ ಬಿದ್ರೆ ಪ್ಲೇಟಿನ ಹಿಡಿತ ಸಡಿಲ. ಸಣ್ಣ ಇಂಜಿನ್ ಆದ್ರೆ ತಡ್ಕೊಳ್ತದೆ. ಇದು ಟರ್ಬೊ — ಅಷ್ಟು ಸಾಕು, ಜಾರ್ತದೆ, ಸುಡ್ತದೆ."

"ನಾನಲ್ಲ."

"ನಾನೆಲ್ಲಿ ನಿನ್ನ ಹೆಸರು ಹೇಳಿದೆ?"

ಮೈ ಉರಿಯಿತು. ಪೆಡಲ್ ಪಕ್ಕ ಫೋನ್ ಅಂಟಿಸಿ ಬತ್ತೇರಿಯಿಂದ ಕಾಡಿನೊಳಗಿನ ಗಡಿ ಮೂಲೆಹೊಳೆವರೆಗೆ ಹೋಗಿ ಬರುತ್ತೇನೆ, ಎಲ್ಲರೂ ಕೂತು ನನ್ನ ಕಾಲು ನೋಡಿ ಎಂದೆ. ತೇಜಸ್ ಅವರನ್ನೂ ಕರೆಯಿರಿ ಎಂದೆ. ವಿನೋದ್ "ಪೋಪ್‌ಕಾರ್ನ್ ತರ್ಲಾ?" ಎಂದ. ತಾ ಎಂದೆ.

ಜನವರಿ 26, ಭಾನುವಾರ. ಬೆಳಿಗ್ಗೆ 11

ಕಲ್ಲೂರಿನ ಚಾಯಕಡೆ, ಟೀ ಅಂಗಡಿ. ಹಾಲಿಲ್ಲದ ಕಟ್ಟನ್ ಚಾಯ ತಣ್ಣಗಾಯಿತು.

ಗರಾಜಿನ ಬಿಳಿ ಕಾರಿನಲ್ಲಿ ಹೋಗಿ ಬಂದೆ. ಎಲ್ಲರಿಗೂ ತೋರಿಸುವ ಮೊದಲು ವಿಡಿಯೋ ಒಂದು ಸಲ ನೋಡೋಣವೆಂದು ಕೂತೆ. ಬತ್ತೇರಿಯಿಂದ ಇಲ್ಲಿಯವರೆಗೆ ನನ್ನ ಎಡಗಾಲು ಪಕ್ಕದಲ್ಲಿ ಆರಾಮಾಗಿದೆ. ಗೇರಿಗೆ ಬೇಕಾದಾಗ ಬರುತ್ತದೆ, ಹೋಗುತ್ತದೆ. ಸೊಗಸು. ಮುತ್ತಂಗ ಗೇಟು ದಾಟಿತು. ಮರಗಳ ನೆರಳು ಬಿತ್ತು. ಕಾಲು ತಾನಾಗಿ ಎದ್ದು ಬಂದು ಪೆಡಲ್ ಮೇಲೆ ಕೂತಿತು.

ತುಳಿಯಲಿಲ್ಲ. ಸುಮ್ಮನೆ ಕೂತಿತು. ಕಾಡಿನುದ್ದಕ್ಕೂ, ಹೋಗುವಾಗಲೂ ಬರುವಾಗಲೂ. ವಾಪಸ್ ಗೇಟು ದಾಟಿದ ಮೇಲೆ ತಾನಾಗಿ ಇಳಿದು ಪಕ್ಕಕ್ಕೆ ಹೋಯಿತು.

ನನಗೆ ಗೊತ್ತೇ ಇರಲಿಲ್ಲ. ಆಣೆಗೂ. ಮೂರು ಸಲ ನೋಡಿದೆ. ಚಪ್ಪಲಿ ನನ್ನದೇ.

ನಾಚಿಕೆಯಾಗುತ್ತಿದೆ. ಅಳಿಸಿಬಿಡಬಹುದು. ಇನ್ನೊಂದು ಸಲ ಹೋಗಿ, ಕಾಲನ್ನು ಹಿಡಿದಿಟ್ಟುಕೊಂಡು, ಒಳ್ಳೆಯದೊಂದು ತೆಗೆದು...

ಫೆಬ್ರವರಿ 2, ಭಾನುವಾರ

ಒಂದು ವಾರ ಪುಸ್ತಕ ಮುಟ್ಟಲಿಲ್ಲ. ಫೋನ್ ಕೆಟ್ಟಿದೆ ಎಂದು ಎಲ್ಲರಿಗೂ ಹೇಳಿದ್ದೆ. ಸುಳ್ಳು. ವಿಡಿಯೋ ಹಾಗೇ ಇದೆ.

ಇವತ್ತು ಅಪ್ಪನನ್ನು ಹಿಡಿದುಕೊಂಡೆ. ಅಪ್ಪ ಇಪ್ಪತ್ತೆರಡು ವರ್ಷ ಮುತ್ತಂಗದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸಿದವನು. ನನಗೆ ಕಲಿಸಿದ್ದೂ ಅದೇ ಜೀಪಿನಲ್ಲಿ. ಜಗಲಿಯಲ್ಲಿ ಕೂತು ಕತ್ತಿಗೆ ಹಿಡಿ ಹಾಕುತ್ತಿದ್ದ.

"ಅಪ್ಪಾ, ಕ್ಲಚ್ ಮ್ಯಾಲೆ ಕಾಲು ಇಟ್ಟೇ ಇರಬೇಕು ಅಂತ ಯಾಕ್ ಕಲಿಸ್ದೆ?"

"ಇನ್ನೇನ್ ಮತ್ತೆ? ಆನೆ ಅಡ್ಡ ಬಂದಾಗ ಪೆಡಲ್ ಎಲ್ಲದೆ ಅಂತ ಹುಡುಕ್ತಾ ಕೂತ್ಕಂಡಿಯಾ? ಚಾತನ್ ಕಾಲು ನೋಡಿಲ್ವಾ ನೀನು?"

ನೋಡಿದ್ದೇನೆ. ಚಾತನ್ ಮಾವ ಅಪ್ಪನ ಜೊತೆ ಕಾಡು ಕಾಯುವ ವಾಚರ್ ಆಗಿದ್ದವನು. ನಾನು ಹುಟ್ಟುವ ಮೊದಲಿನ ಮಾತು. ಜೀಪು ನ್ಯೂಟ್ರಲ್‌ನಲ್ಲಿ ನಿಂತಿತ್ತು. ಪೊದೆಯಿಂದ ಒಂಟಿ ಸಲಗ ನುಗ್ಗಿತು. ಅಪ್ಪನ ಕಾಲಿಗೆ ಪೆಡಲ್ ಸಿಗುವಷ್ಟರಲ್ಲಿ, ಹತ್ತುತ್ತಿದ್ದ ಚಾತನ್ ಮಾವನ ಕಾಲು ಆನೆಗೂ ಜೀಪಿಗೂ ನಡುವೆ ಸಿಕ್ಕಿತು. ಇವತ್ತಿಗೂ ಕುಂಟುತ್ತಾನೆ. ಅವತ್ತಿನಿಂದ ಅಪ್ಪನ ಎಡಗಾಲು ಕಾಡಿನೊಳಗೆ ಕ್ಲಚ್ ಬಿಟ್ಟು ಇಳಿದಿಲ್ಲ.

"ಹಂಗಾರೆ ನಿನ್ನ ಜೀಪಿನ ಕ್ಲಚ್ ಯಾಕ್ ಸುಡ್ನಿಲ್ಲ?"

ಅಪ್ಪ ನಕ್ಕ. "ಯಾಕ್ ಸುಟ್ಟೀತು ಮಗ? ಪೆಡಲ್‌ಗೆ ಎರಡು ಬೆಟ್ಟು ಆಟ ಬಿಟ್ಟು ನಾನೇ ಬಿಗಿ ಮಾಡಿದ್ದೆ. ಕಾಲು ಇಟ್ರೆ ಆ ಆಟದ ಮ್ಯಾಲೆ ಕೂತ್ಕತದೆ. ಒಳಕ್ಕೆ ಗೊತ್ತೇ ಆಗಾಕಿಲ್ಲ."

ಎರಡು ಬೆರಳಷ್ಟು ಸಡಿಲ ಆಟ! ಮೆಕ್ಯಾನಿಕ್ ನಾನು, ನನಗೆ ಹೊಳೆಯಬೇಡವೆ? ಈಗಿನ ಕಾರುಗಳದ್ದು ಆಯಿಲ್ ಒತ್ತಡದ ಕ್ಲಚ್, ಪೆಡಲ್‌ಗೆ ಆಟವೇ ಇಲ್ಲ. ಕೆಂಪು ಕಾರಿನ ಪೆಡಲ್ ಮೇಲೆ ಕಾಗೆ ಕೂತರೂ ಒಳಗಿನ ಬೇರಿಂಗ್‌ಗೆ ತಿಳಿಯುತ್ತದೆ.

ಅಪ್ಪ ತಪ್ಪು ಕಲಿಸಲಿಲ್ಲ. ಜೀಪಿಗೆ ಅದೇ ಸರಿ. ಅಪ್ಪನ ಪಾಠವನ್ನು ಕಾರಿಗೆ ತಂದವಳು ನಾನು. ಆ ಎರಡು ಬೆರಳು ಜೀಪಿನಲ್ಲೇ ಉಳಿಯಿತು.

ಫೆಬ್ರವರಿ 3

ತೋರಿಸಿದೆ. ತೇಜಸ್, ಚೇಟ್ಟನ್, ವಿನೋದ್ ಮೂವರನ್ನೂ ಬೆಂಚಿನ ಮೇಲೆ ಕೂರಿಸಿ ತೋರಿಸಿದೆ. ಗೇಟು ದಾಟಿದ ಕೂಡಲೇ ವಿನೋದ್ ತೊಡೆ ತಟ್ಟಿ ನಕ್ಕ. ತೇಜಸ್ "ನಾನು ಹೇಳಲಿಲ್ವಾ?" ಎಂದರು.

"ಹೇಳಿದಿರಿ ಸಾರ್. ಇದು ನನ್ನ ಕಾಲು. ಬೇರಿಂಗ್ ತಿಂದದ್ದು ನಾನೇ. ಒಪ್ಪಿದೆ. ಈಗ ನೀವು ಹೇಳಿ, ಆ ನೀಲಿ ಕಲೆ ಯಾರದು?"

"ಎರಡು ಸಲ... ಮೂರು ಸಲ ಮಾಡಿರಬಹುದು."

"ನೀವೇ ಹಾಕಿದ ವಿಡಿಯೋಗಳಲ್ಲಿ ಒಂಬತ್ತು ಸಲ ಇದೆ. ಎಣಿಸಿದ್ದೇನೆ."

ಅವರು ತಮ್ಮ ಎಡಗಾಲು ನೋಡಿಕೊಂಡರು. ವಿನೋದ್ ನಗು ನಿಲ್ಲಿಸಿದ. ನನಗೆ ಎದೆ ಹಗುರಾಯಿತು, ಒಂದು ನಿಮಿಷ ಮಾತ್ರ. ಚೇಟ್ಟನ್ ಎದ್ದು ನಿಂತು ಕೇಳಿದರು — "ಒಪ್ಪಿಕೊಂಡ್ರೆ ಕಾಲು ಸರಿಹೋಗ್ತದಾ ಮೋಳೇ?"

ಸರಿಹೋಗುತ್ತದೆ ಎಂದೆ. ಹೇಗೆ ಎಂದು ಆಗ ಗೊತ್ತಿರಲಿಲ್ಲ.

"ಹೊಸ ಕ್ಲಚ್ ಬಂದು ಕೂತ ಮೇಲೆ, 28ಕ್ಕೆ, ಈ ಕೆಂಪು ಕಾರಲ್ಲೇ ನೋಡೋಣ. ಕಾಡು ದಾಟಿ ಬರೋವಷ್ಟರಲ್ಲಿ ಬೇಡದ ಕಡೆ ಮೂರು ಸಲ ಕಾಲಿಟ್ರೆ ಕೀ ವಿನೋದ್‌ಗೆ." ಹಿಂದಿನ ಸೀಟಿನಲ್ಲಿ ತಾವೂ ಕೂರುವುದಾದರೆ ಸರಿ ಎಂದರು ತೇಜಸ್.

ಫೆಬ್ರವರಿ 5

ಗುಜರಿ ವ್ಯಾನಿನಿಂದ ರಿವರ್ಸ್ ಬಜರ್ ಬಿಚ್ಚಿ ತಂದೆ. ಹಳೇ ಬ್ರೇಕ್‌ಲೈಟ್ ಸ್ವಿಚ್ ಒಂದನ್ನು ಬಿಳಿ ಕಾರಿನ ಕ್ಲಚ್ ಪೆಡಲ್‌ಗೆ ಕಟ್ಟಿ ಅದಕ್ಕೆ ಜೋಡಿಸಿದೆ. ಕಾಲು ತಾಗಿದರೆ ಸಾಕು, ಕುಂಯ್ ಎನ್ನುತ್ತದೆ.

ಕಾಡಿಗೆ ಹೋಗಿ ಬರುವಷ್ಟರಲ್ಲಿ, ಗೇರ್ ಬದಲಿಸಿದ್ದು ಬಿಟ್ಟು ನಲವತ್ತಮೂರು ಸಲ ಕೂಗಿತು. ತಲೆ ಚಿಟ್ಟು ಹಿಡಿಯಿತು. ನನ್ನ ಕಾಲಿಗೆ ನಾನೇ ಬೈದೆ, ಕೇಳಿಸುವಂತೆ.

ಫೆಬ್ರವರಿ 12

ಹತ್ತೊಂಬತ್ತು. ವಿನೋದ್ ನನ್ನನ್ನು ಕಂಡರೆ ಕುಂಯ್ ಕುಂಯ್ ಎನ್ನುತ್ತಾನೆ. ಅನ್ನಲಿ.

ಫೆಬ್ರವರಿ 21

ಎರಡು.

ಆದರೆ ಒಂದು ವಿಷಯ ಬಗೆಹರಿದಿಲ್ಲ. ನಿಂತರೆ ನ್ಯೂಟ್ರಲ್, ಕಾಲು ಕೆಳಗೆ — ಇದು ಚೇಟ್ಟನ್ ಕಾನೂನು. ಬತ್ತೇರಿ ಪೇಟೆಯಲ್ಲಿ ಸರಿ. ಆನೆಯ ಮುಂದೆ? ಅಪ್ಪನ ಕಾನೂನು ಬೇರೆ. ಯೋಚಿಸಿ ಯೋಚಿಸಿ ನನ್ನದೊಂದು ಮಾಡಿಕೊಂಡೆ. ಓಡುವಾಗ ಕಾಲು ಪೆಡಲ್ ಹತ್ತಿರ ಸುಳಿಯಬಾರದು. ಆನೆ ಕಂಡು ನಿಂತರೆ ಗೇರ್ ಹಾಕಿ ನೆಲ ಮುಟ್ಟುವಂತೆ ತುಳಿದು ಹಿಡಿಯಬೇಕು. ತುಳಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಬೇರಿಂಗ್ ಸವೆದರೆ ಹೊಸದು ಬರುತ್ತದೆ, ಚಾತನ್ ಮಾವನ ಕಾಲಿಗೆ ಯಾವ ಅಂಗಡಿಯಲ್ಲೂ ಪಾರ್ಟ್ ಸಿಗಲಿಲ್ಲ. ಚೇಟ್ಟನ್ ಒಪ್ಪಲಿ, ಬಿಡಲಿ.

ಫೆಬ್ರವರಿ 28, ಶುಕ್ರವಾರ. ಸಂಜೆ 4.20

ಹೋಗಿ ಬಂದೆವು. ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ.

ಕೆಂಪು ಕಾರು, ಹೊಸ ಕ್ಲಚ್. ಬಜರನ್ನು ಇದಕ್ಕೆ ಸಾಗಿಸಿದ್ದೆ. ಪಕ್ಕದಲ್ಲಿ ಚೇಟ್ಟನ್, ಕೈಯಲ್ಲಿ ಪೆನ್ನು. ಹಿಂದೆ ತೇಜಸ್. ಗೇಟು ದಾಟಿ ಸ್ವಲ್ಪದರಲ್ಲೇ ಒಂದು ಹಂಪಿನ ಹತ್ತಿರ ಕುಂಯ್. ಚೇಟ್ಟನ್ ಅಂಗೈ ಮೇಲೆ ಒಂದು ಗೆರೆ ಎಳೆದರು. ಹೋಗುವಾಗ ಅದೊಂದೇ. ಬರುವಾಗ ಜಿಂಕೆ ಹಾರಿತು, ಎರಡನೇ ಗೆರೆ.

ತಿರುವಿನಾಚೆ ರಸ್ತೆ ಮೇಲೇ ಹೆಣ್ಣಾನೆ. ಮರಿ ಇನ್ನೂ ಈಚೆ ಬದಿಯ ಪೊದೆಯಲ್ಲಿ. ದೂರದಲ್ಲೇ ನಿಲ್ಲಿಸಿದೆ. ರಿವರ್ಸ್ ಹಾಕಿ ಕ್ಲಚ್ ಪೂರ್ತಿ ತುಳಿದು ಹಿಡಿದೆ. ಬಜರ್ ಬಿಡದೆ ಕೂಗತೊಡಗಿತು.

"ನ್ಯೂಟ್ರಲ್ ಮಾಡು. ಕಾಲು ತೆಗಿ ಮೋಳೇ."

"ತೆಗೆಯಲ್ಲ."

"ಇದು ಟ್ರಯಲ್."

"ಗೊತ್ತು ಚೇಟ್ಟಾ. ಗೆರೆ ಎಳೀರಿ."

ಎಳೆದರು. ಮೂರನೆಯದು. ನೋಡಿದೆ, ನನ್ನ ಕಣ್ಣಾರೆ ನೋಡಿದೆ. ಕಾಲು ತೆಗೆಯಲಿಲ್ಲ. ಬಜರಿನ ತಂತಿ ಮಾತ್ರ ಕಿತ್ತೆ, ಅದಕ್ಕೇ ಆನೆ ಕೆರಳೀತೆಂದು. ಅಷ್ಟರಲ್ಲಿ ಅದು ಕಿವಿ ಅಗಲಿಸಿ ತಿರುಗಿತು. ಬಂತು. ಓಡಿಯೇ ಬಂತು. ಕ್ಲಚ್ ಬಿಟ್ಟೆ. ಅರ್ಧದಲ್ಲಿ ತಡೆಯದೆ, ಜಾರಿಸದೆ, ಒಂದೇ ಅಳತೆಯಲ್ಲಿ. ಕಾರು ನೆಟ್ಟಗೆ ಹಿಂದಕ್ಕೆ ಹೋಯಿತು. ಆನೆ ನಾವು ನಿಂತಿದ್ದ ಜಾಗಕ್ಕೆ ಬಂದು ನಿಂತಿತು. ನೆಲ ಮೂಸಿತು. ಮರಿ ರಸ್ತೆ ದಾಟಿತು, ಅದೂ ಹಿಂದೆಯೇ ಹೋಯಿತು.

ಕಲ್ಲೂರು ಬಂತು. ಅಲ್ಲಿ ತೇಜಸ್ ಇಳಿದು ಕಿಟಕಿಗೆ ಬಗ್ಗಿ, "ನಾನಾಗಿದ್ರೆ ಇಂಜಿನ್ ಆಫ್ ಮಾಡ್ಕೊಂಡು ಕೂತಿರ್ತಿದ್ದೆ ರೀ. ಕಾರು ನೀವೇ ತಂದುಕೊಡಿ, ನಾಳೆ," ಎಂದರು. ಚೇಟ್ಟನ್ ಗರಾಜಿಗೆ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಅಂಗೈ ನೋಡಿಕೊಳ್ಳುತ್ತಿದ್ದಾರೆ. ವಿನೋದ್ ಕೈ ತೊಳೆದು ಬಂದು ಸುಮ್ಮನೆ ಅಲ್ಲೇ ಸುತ್ತುತ್ತಿದ್ದಾನೆ.

ಕೀ ಹೋದರೆ ಹೋಗಲಿ. ನಾಳೆ ಇದೇ ಆನೆ ಬಂದರೆ ಇದೇ ಕಾಲು ಇಡುತ್ತೇನೆ, ಇಷ್ಟೇ ಗಟ್ಟಿಯಾಗಿ.

ಚೇಟ್ಟನ್ ಪೆಟ್ರೋಲಿನ ಬಟ್ಟೆ ತೆಗೆದುಕೊಂಡರು. ಅಂಗೈ ಒರೆಸುತ್ತಿದ್ದಾರೆ. ಪೂರ್ತಿ ಅಲ್ಲ — ಒಂದು ಗೆರೆ ಮಾತ್ರ, ಕೊನೆಯದು. ಎದ್ದರು. ಗೋಡೆಯಿಂದ ಹಲಗೆಯನ್ನೇ ಕಳಚಿದರು. ಎರಡೂ ಕೈಯಲ್ಲಿ ಹಿಡಿದು ವಿನೋದ್‌ನನ್ನು ದಾಟಿ ಬರುತ್ತಿದ್ದಾರೆ, ಕೀಗಳೆಲ್ಲ ಗಲಗಲ. ಎದ್ದು ಓಡುವುದಿಲ್ಲ ನಾನು. ಹನ್ನೊಂದು ವರ್ಷ ಕಾದಿದ್ದೇನೆ, ಅವರೇ ಇಲ್ಲಿಯವರೆಗೆ ಬರಲಿ, ಇದನ್ನು ಬರೆದು ಮುಗಿಸಿಯೇ