ಪರದೆಯ ಎಡಮೂಲೆ

ಅಕ್ಟೋಬರ್ ೫, ಭಾನುವಾರ

ಕಂಪ್ಯೂಟರ್ ಆಟದಲ್ಲಿ ಮತ್ತೆ ಬಿತ್ತು ವಿಮಾನ. ರನ್‌ವೇ ಕಣ್ಣೆದುರಿಗೇ ಇತ್ತು, ಚಕ್ರ ಇಳಿಸಿದ್ದೆ. ಅಷ್ಟರಲ್ಲಿ ಪರದೆ ತುಂಬ ನೇರಳೆ ಚೌಕಗಳು! ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ತಂದು ವರ್ಷವೂ ಆಗಿಲ್ಲ. ಡ್ರೈವರ್ ಸಾಫ್ಟ್‌ವೇರ್ ತೆಗೆದು ಹೊಸದು ಹಾಕಿದೆ. ಮತ್ತೆ ಹಳೆಯದೇ ಹಾಕಿದೆ. ಕೇಬಲ್ ಬದಲಿಸಿದೆ. ಉಹೂಂ.

ಬಂಗಾರಪೇಟೆಯಿಂದ ಮಾರಿಕುಪ್ಪಂ, ಮಾರಿಕುಪ್ಪಂನಿಂದ ಬಂಗಾರಪೇಟೆ — ರೈಲು ಓಡಿಸಿ ಓಡಿಸಿ ತಲೆ ಕೆಟ್ಟಿದೆ. ಹಳಿ ಕರೆದತ್ತ ಹೋಗಬೇಕು. ಮನೆಯಲ್ಲಾದರೂ ನನಗಿಷ್ಟ ಬಂದ ಕಡೆ ತಿರುಗಿಸೋಣ ಅಂದರೆ ಇದೊಂದು ಕರ್ಮ.

ತ್ರಿವೇಣಿ ಕಾಫಿ ಇಟ್ಟು ಹೋಗುವಾಗ ಅಂದಳು: "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ." ಈ ಹೆಂಡತಿಯ ಬಾಯಲ್ಲಿ ಗಾದೆ ಸಿದ್ಧವಾಗಿಯೇ ಇರುತ್ತದೆ.

ಅಕ್ಟೋಬರ್ ೮

ಸಿಕ್ಕಿತು! ಬಿಸಿಯಾಗಬಾರದೆಂದು ಸಿಪಿಯು ಡಬ್ಬದ ಪಕ್ಕದ ಮುಚ್ಚಳ ತೆಗೆದಿಟ್ಟಿರುತ್ತೇನೆ. ಕಾರ್ಡಿನ ಫ್ಯಾನ್ ತುಂಬ ಅರಿಶಿನ, ಕುಂಕುಮ! ಆಯುಧಪೂಜೆಯ ದಿನ ತ್ರಿವೇಣಿ ಹಚ್ಚಿದ್ದು.

"ಮೇಲೆ ಇಕ್ಕಿದ್ರೆ ಸಾಲ್ದೇನೇ? ಒಳಗೂ ಯಾಕೆ?"

"ಕೆಲ್ಸ ಮಾಡೋದು ಒಳಗಿರೋದಲ್ವಾ? ನೀವು ಎಂಜಿನ್‌ಗೆ ಪೂಜೆ ಮಾಡ್ತೀರೋ, ಬರೀ ಬಾಗಿಲ್ಗೆ ಮಾಡ್ತೀರೋ?"

ಸಿಟ್ಟು ಇಳಿಯಲಿಲ್ಲ. ಬ್ರಷ್ ಹಿಡಿದು ಕೂತು ತೆಗೆದೆ. ಚೌಕಗಳು ಮಾಯ.

ಆದರೆ ಈಗ ಎಡಮೂಲೆಯಲ್ಲಿ ಮಿಂಚು. ಸಣ್ಣದು, ಫಳಕ್ ಅಂತ. ಅತ್ತ ತಿರುಗಿದರೆ ಇನ್ನೂ ಆಚೆಗೆ ಜಾರುತ್ತದೆ. ಥತ್!

ಅಕ್ಟೋಬರ್ ೧೨

ಮಿಂಚು ಹೋಗಿ ಕಪ್ಪು ನೆರಳು ಬಂದಿದೆ. ಅದೇ ಎಡಮೂಲೆ. ಡಬ್ಬ ಹೊತ್ತುಕೊಂಡು ರಾಬರ್ಟ್‌ಸನ್‌ಪೇಟೆಗೆ, ನಾಗರಾಜನ ಕಂಪ್ಯೂಟರ್ ಅಂಗಡಿಗೆ ಹೋದೆ. ಅವನ ಮಾನಿಟರಿಗೆ ಹಾಕಿದರೂ ಅದೇ ನೆರಳು.

"ಎಲ್ಲೈತೆ ಸಾರ್? ನಂಗೇನೂ ಕಾಣ್ತಿಲ್ವಲ್ಲ. ಕಾರ್ಡು ಚಿನ್ನದಂಗೈತೆ."

ಗಣಿ ಮುಚ್ಚಿದ ಈ ಊರಲ್ಲಿ ಚಿನ್ನ ಮಾತಿನಲ್ಲಷ್ಟೇ ಉಳಿದಿರುವುದು. ಕಣ್ಣು ಕಾಣದವನಿಗೆ ರಿಪೇರಿ ಅಂಗಡಿ ಬೇರೆ ಕೇಡು!

ಅಕ್ಟೋಬರ್ ೧೪

ಡ್ಯೂಟಿ. ಎಂಜಿನ್ನಿನಲ್ಲಿ ನಾನೂ ಅಸಿಸ್ಟೆಂಟ್ ಚಿರಂಜೀವಿಯೂ ಸಿಗ್ನಲ್ ಕೂಗಬೇಕು. ಒಬ್ಬ ಬಣ್ಣ ಹೇಳಿದರೆ ಇನ್ನೊಬ್ಬ ತಾನೂ ನೋಡಿ ಮತ್ತೆ ಹೇಳಬೇಕು. ಇವತ್ತು ಅವನು "ಹಳದಿ" ಅಂದ. ನಾನೂ "ಹಳದಿ" ಅಂದೆ... ನೋಡದೆ ಅಂದೆ. ಎಡಗಡೆ ಸಿಗ್ನಲ್ ಕಂಬ ಎಲ್ಲಿತ್ತೋ, ಹುಡುಕುವಷ್ಟರಲ್ಲಿ ದಾಟಿಬಿಟ್ಟಿತ್ತು.

ನಿದ್ದೆ ಸಾಲದು. ಎಲ್ಲ ಈ ಹಾಳು ಕಾರ್ಡಿನಿಂದ.

ಅಕ್ಟೋಬರ್ ೧೫, ಸಂಜೆ

ತ್ರಿವೇಣಿ ಎಡಗಡೆ ನಿಂತು ಕಾಫಿ ಚಾಚಿದ್ದಳಂತೆ. ಮೊಣಕೈ ತಗುಲಿ ಲೋಟ ಕೀಬೋರ್ಡ್ ಮೇಲೆ ಬಿತ್ತು. ಕೂಗಾಡಿದೆ. "ಸದ್ದು ಮಾಡ್ಕಂಡು ಬರಾಕಾಗಲ್ವೇನೇ?"

ಅವಳು ತಿರುಗಿ ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಟವಲ್ ತಂದಳು. ಒರೆಸುವುದಕ್ಕೆ ಅಂದುಕೊಂಡೆ.

"ಪರದೆ ನಡುವ್ಕೇ ನೋಡ್ತಿರಿ. ಬಲಗಣ್ಣು ಮುಚ್ಕಳಿ. ಈಗ ಸಿಗ್ನಲ್ ಯೇಳಿ."

"ಮೊದ್ಲು ಟವಲ್ ಎತ್ತೇ, ಆಮೇಲೆ ಯೇಳ್ತೀನಿ."

"ಎತ್ಕಂಡೇ ನಿಂತಿದ್ದೀನಿ ಕಣ್ರೀ."

ತಿರುಗಿ ನೋಡಿದೆ. ನನ್ನ ಪಕ್ಕದಲ್ಲೇ, ಮುಖದೆತ್ತರಕ್ಕೆ ಹಿಡಿದಿದ್ದಳು. ಕೆಂಪು ಟವಲ್.

ಅಕ್ಟೋಬರ್ ೧೬, ಬೆಳಿಗ್ಗೆ. ಬಂಗಾರಪೇಟೆ ಸ್ಟೇಷನ್

ಇನ್ನೂ ಹಾಜರಿ ಹಾಕಿಲ್ಲ. ಗಾಡಿ ಪ್ಲಾಟ್‌ಫಾರಂನಲ್ಲಿ ನಿಂತಿದೆ. ಹಾಲಿನ ಕ್ಯಾನು, ಕಾಲೇಜು ಮಕ್ಕಳು, ಗದ್ದಲ.

ಕಣ್ಣಿನ ವಿಷಯ ಹೇಳಿದರೆ ಎಂಜಿನ್ನಿನಿಂದ ಇಳಿಸುತ್ತಾರೆ. ಕಣ್ಣಾಸ್ಪತ್ರೆಯವರು ಸರಿ ಮಾಡಿದರೂ ಮತ್ತೆ ಹತ್ತಿಸುತ್ತಾರೋ ಇಲ್ಲವೋ. ತಲೆ ಕೆಟ್ಟಿದೆ ಅಂತ ಬೈದದ್ದು ಈ ಗಾಡಿಯನ್ನೇ. ಈಗ ಅದನ್ನು ಬಿಡಲು ಮನಸ್ಸಿಲ್ಲ. ಸುಮ್ಮನೆ ಹತ್ತಿಬಿಡಬಹುದು. ಚಿರಂಜೀವಿ ಕೂಗುತ್ತಾನೆ, ಹಿಂದೆಯೇ ನಾನೂ ಕೂಗುತ್ತೇನೆ. ಹಿಂದಿನ ಡಬ್ಬಿಗಳಲ್ಲಿ ಕೂತವರಿಗೆ ಏನು ಗೊತ್ತಾಗುತ್ತದೆ?

ಏನೂ ಗೊತ್ತಾಗುವುದಿಲ್ಲ. ನನ್ನನ್ನು ನಂಬಿ ಕೂತಿರುತ್ತಾರೆ.

ಡ್ಯೂಟಿ ಕೋಣೆಯ ಹೊರಗೆ ಬೆಂಚಿನ ಮೇಲೆ ತ್ರಿವೇಣಿ, ಆಸ್ಪತ್ರೆಗೆಂದು ಬ್ಯಾಗು ಹಿಡಿದು ಕೂತಿದ್ದಾಳೆ. ಡ್ಯೂಟಿ ಹಂಚುವ ಕಂಟ್ರೋಲರ್ ಕರೆಯುತ್ತಿದ್ದಾರೆ — "ವಿಜಯಕುಮಾರ್, ಬಂದು ಸೈನ್ ಮಾಡ್ರೀ, ಟೈಮಾಯ್ತು."

ಎದ್ದು ಹೇಳುತ್ತೇನೆ. ಮೊದಲು ಒಮ್ಮೆ ಇಲ್ಲಿ ಬರೆದು ರೂಢಿ ಮಾಡಿಕೊಳ್ಳುತ್ತೇನೆ. ಸಾರ್, ನನಗೆ ಎಡಗಡೆಯ ಸಿಗ್ನಲ್ಲು ಕಾಣ್ತಿಲ್ಲ.