ಗ್ಯಾಸು ಬಿಟ್ಟ ಮನೆ

ಮೈಸೂರು, 12-3-1956

ಅಪ್ಪಾ,

ನೀವು ತೀರಿಕೊಂಡು ಮೂರು ತಿಂಗಳಾಯಿತು. ಇವತ್ತು ಮುನಿಸಿಪಾಲಿಟಿಯಲ್ಲಿ, ಪ್ಲೇಗು ಬಾರದಂತೆ ಇಲಿ ಕೊಲ್ಲುವ ಕೆಲಸಕ್ಕೆ ಸೇರಿದೆ.

ದೇವರಾಜ ಮೊಹಲ್ಲಾದ ಒಂದು ಮನೆಯವರನ್ನೆಲ್ಲ ಹೊರಗೆ ಕಳಿಸಿ, ಬಿಲಗಳಿಗೆ ವಿಷದ ಗ್ಯಾಸು ಬಿಟ್ಟು ಬಾಗಿಲು ಹಾಕಿದೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೆಮ್ಮು ಕೇಳಿಸಿತು. ದೇವರ ಪೆಟ್ಟಿಗೆ ತರಲೆಂದು ಆ ಮನೆಯ ಅಜ್ಜಿ ಹಿತ್ತಲಿನಿಂದ ಒಳಹೊಕ್ಕಿದ್ದರು.

"ಹೋಗ್ಬೇಡ ಕಣೋ, ನೀನೂ ಸಾಯ್ತೀಯ," ಎಂದು ಮೇಸ್ತ್ರಿ ಕೃಷ್ಣಪ್ಪ ನನ್ನ ತೋಳು ಹಿಡಿದರು. ಕೊಸರಿಕೊಂಡು, ಉಸಿರು ಬಿಗಿಹಿಡಿದು ಒಳಗೆ ಓಡಿದೆ. ನಡುಮನೆಯಲ್ಲಿ ಬಿದ್ದಿದ್ದ ಅವರನ್ನು ಹೊತ್ತು ತಂದೆ.

ಜಗಲಿಯ ಮೇಲೆ ಎಷ್ಟೋ ಹೊತ್ತು ಗಾಳಿ ಬೀಸಿದ ಮೇಲೆ ಕಣ್ಣು ಬಿಟ್ಟರು. "ಯಾರ ಮಗನಪ್ಪ ನೀನು?" ಎಂದರು.

ನಾನು ಅರ್ಜಿ ಹಾಕಿದ ದಿನ, "ಕೊಲ್ಲೋ ಕೆಲ್ಸಕ್ಕೆ ಹೋದ್ರೆ ನನ್ನ ಹೆಸರು ಎಲ್ಲೂ ಹೇಳ್ಬೇಡ," ಅಂದಿದ್ದಿರಿ. ನಾನು ಗಾಳಿ ಬೀಸುತ್ತಲೇ ಇದ್ದೆ.

ಅಜ್ಜಿ ಮತ್ತೆ ಕೇಳಿದರು.

"ಮರಗೆಲಸದ ಕೆಂಪಯ್ಯನವರ ಮಗ," ಎಂದೆ.