ಬಿಳಿ ಧೋತರದ ಮೇಲಿನ ಹೊಗೆ

ಮಸ್ಕಿ
೭-೧೨-೧೯೫೪

ಪ್ರೀತಿಯ ತಮ್ಮ ಮರಿಸ್ವಾಮಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಸಿಟ್ಟಾಗಬೇಡ. ಹಟ್ಟಿಯ ಗಣಿಯಲ್ಲಿ ಕೆಲಸ ಕಾಯಂ ಆಯಿತೆಂದು ಓದಿ ಹಿಗ್ಗಿದೆ. ಕೆಮ್ಮು ಇನ್ನೂ ನಿಂತಿಲ್ಲವೆಂಬ ಸಾಲಿಗೆ ಬಂದು ಅಲ್ಲೇ ಉಳಿದುಬಿಟ್ಟೆ.

ಹೋದ ವಾರ ಲಿಂಗಸುಗೂರಿನಿಂದ ಆರೋಗ್ಯ ಇಲಾಖೆಯ ರಾಜೇಸಾಬರು ನಮ್ಮ ಶಾಲೆಗೆ ಬಂದಿದ್ದರು, ಮಕ್ಕಳಿಗೆ ಬೀಡಿಯ ಕೇಡು ತಿಳಿಹೇಳಲು. ಹಾಡುಹಗಲೇ ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಧೋತರ ಹಾಕಿ, ದೀಪದ ಪೆಟ್ಟಿಗೆಯಿಂದ ಚಿತ್ರ ತೋರಿಸಿದರು. ಬೆಳಕಿನ ಕೋಲೊಂದು ನಮ್ಮ ತಲೆಗಳ ಮೇಲೆ ಹಾಯ್ದುಹೋಗಿತ್ತು. ಅದರೊಳಗೆ ಧೂಳು ನಿಧಾನವಾಗಿ ಈಜುತ್ತಿತ್ತು. ಮನುಷ್ಯನ ಎದೆಯ ಚಿತ್ರ ಬಂತು. ಒಳಗೊಂದು ತಲೆಕೆಳಗಾದ ಮರ, ಕೊಂಬೆಗಳಿಗೆಲ್ಲ ಮಸಿ. ನೋಡುತ್ತ ನೋಡುತ್ತ ನಾನೆಲ್ಲಿದ್ದೇನೆಂಬುದೇ ಮರೆತುಹೋಯಿತು. ನೀರಿನಡಿಯಿಂದ ಬಂದಂತೆ ರಾಜೇಸಾಬರ ದನಿ: "ನಿಮ್ಮೊಳಗ ಯಾರ್ಯಾರು ಸೇದೀರಿ, ಖರೇ ಹೇಳ್ರಿ. ಯಾರೂ ಬೈಯಂಗಿಲ್ಲ."

ಎಂಟು ವರ್ಷದ ಆದಮ್ಮ ಎದ್ದು ನಿಂತಳು. "ನಾ ಸೇದಂಗಿಲ್ರಿ. ಅಪ್ಪಗ ಒಲ್ಯಾಗ ಹಚ್ಚಿ ಕೊಡ್ತೀನಿ. ಒಯ್ಯೂದ್ರಾಗ ಆರಬಾರದಂತ ಎರಡು ಸಲ ಎಳೀತೀನಿ, ಅಷ್ಟ."

ಮಕ್ಕಳು ನಕ್ಕರು. ರಾಜೇಸಾಬರು ನನ್ನತ್ತ ನೋಡಿದರು.

ಸಂಜೆ ಆದಮ್ಮನ ಮನೆಗೆ ಹೋದೆ. ಅಪ್ಪ ಯಮನೂರಪ್ಪ ನಕ್ಕುಬಿಟ್ಟ. "ಕೂಸು ಅದು, ಏನ್ ಸೇದ್ತದ್ರಿ ಅಕ್ಕೋರ?"

"ನಿಮಗ ಬಿಡ್ರಿ ಅನ್ನಾಕ ಬಂದಿಲ್ಲ. ಆಕಿ ಕೈಲೆ ಹಚ್ಚಿಸಬ್ಯಾಡ್ರಿ," ಎಂದು ಕಟ್ಟೆಯ ಮೇಲೆ ಕೂತೇ ಇದ್ದೆ. ಆಮೇಲೆ ಅವನು ಕೈಯಲ್ಲಿದ್ದ ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿ, ಮಗಳಿಗೆ, "ಇನ್ಮ್ಯಾಲ ನಾನ ಹಚ್ಕೋತೀನಿ. ನೀ ಆಡ್ಕೋ ಹೋಗವಾ," ಎಂದ. ಅವಳು ಓಡಿದಳು. ಜೋಳದ ಹೊಲಗಳ ಮೇಲೆ ಊರಿನ ಒಲೆಗಳ ಹೊಗೆ ಮಂಜಿನ ಹಾಗೆ ಇಳಿದಿತ್ತು. ಅದರೊಳಗೆ ಹೇಗೆ ನಡೆದು ಮನೆ ಸೇರಿದೆನೋ ನೆನಪಿಲ್ಲ.

ಬರುವ ಸೋಮವಾರ ರಜೆ ಹಾಕಿ ಹಟ್ಟಿಗೆ ಬರುತ್ತೇನೆ. ಇಬ್ಬರೂ ಆಸ್ಪತ್ರೆಗೆ ಹೋಗೋಣ, ಒಲ್ಲೆನೆನ್ನಬೇಡ. ಬೆಟ್ಟದ ಮಲ್ಲಯ್ಯ ನಿನ್ನ ಉಸಿರನ್ನು ತಣ್ಣಗಿಡಲಿ.

ನಿನ್ನ ಅಕ್ಕ,
ಗುರುಲಿಂಗಮ್ಮ

ತಾ.ಕ.: ಅವ್ವ ತೀರಿಕೊಂಡ ವರ್ಷ ನಿನಗೆ ಆರು, ನನಗೆ ಹದಿನಾಲ್ಕು. ರೊಟ್ಟಿ ಬಡಿಯುತ್ತಿದ್ದೆ, ಎರಡೂ ಕೈಗೆ ಹಿಟ್ಟು. ಅಪ್ಪ ಪಡಸಾಲೆಯಿಂದ ಬೀಡಿ ಕೇಳಿದಾಗಲೆಲ್ಲ ನಿನ್ನನ್ನು ಒಲೆಯ ಮುಂದೆ ಕೂಡಿಸಿ, ಕೆಂಡಕ್ಕೆ ಹಿಡಿದು ಎಳೆಯಲು ಕಲಿಸಿದವಳು ನಾನೇ. ನೀನು ಮರೆತಿರಬಹುದು. ನಾನು ಬಂದಾಗ ಬೀಡಿ ಮುಚ್ಚಿಡಬೇಡಪ್ಪಾ. ನಿನ್ನನ್ನು ಬೈಯುವ ಬಾಯಿ ನನಗಿಲ್ಲ.